ದೋಣಿಯಲ್ಲಿ ಹೆಚ್ಚಿನ ಇಂಧನ: ಆಸರೆಯೋ, ಆಪತ್ತೋ?



ಕರಾವಳಿಯ ಬೇಸಾಯಗಾರನಿಗೆ ಹೊಳೆಯೆಂಬುದು ಗದ್ದೆಯ ಆಚೆ ಬದಿಯ ಬದುವಿದ್ದಂತೆ. ಸ್ವರ್ಣಾ, ಸೀತಾ, ಪಂಚಗಂಗಾವಳಿ, ಶರಾವತಿ, ಅಘನಾಶಿನಿ, ಕಾಳಿ ಮೊದಲಾದ ನದಿಗಳ ದಂಡೆಯಲ್ಲಿ ಭತ್ತ, ತೆಂಗು, ಅಡಿಕೆ ಬೆಳೆಯುವವರ ಹಿತ್ತಿಲಲ್ಲಿ ಒಂದು ಸಣ್ಣ ದೋಣಿ ಕಟ್ಟಿರುವುದು ಹೊಸ ಸಂಗತಿಯಲ್ಲ. ಕುದ್ರುಗಳಲ್ಲಿ ಮನೆ ಮಾಡಿಕೊಂಡವರಿಗೆ ಅದೇ ಬಂಡಿ, ಅದೇ ದಾರಿ. ಈಗ ಬಹಳ ಕಡೆ ಹುಟ್ಟಿನ ಜೊತೆಗೆ ಸಣ್ಣ ಔಟ್‌ಬೋರ್ಡ್ ಎಂಜಿನ್ ಸಹ ಬಂದಿದೆ. ಕೊಯ್ಲು ಮುಗಿದು ಕೈಗೆ ಬಿಡುವಾದಾಗ ಇಬ್ಬರು ಮೂವರು ಕೂಡಿಕೊಂಡು ಗಾಳ, ಮರಿಸಿಗಡಿ, ಬುತ್ತಿ ಸಮೇತ ಅಳಿವೆಯ ಕಡೆಗೆ ಹೊರಡುತ್ತಾರೆ. ಕಾಣೆಯೋ ಕೆಂಬೇರಿಯೋ ಸಿಕ್ಕರೆ ಮನೆಯವರಿಗೂ ಸಂತೋಷ. ಈ ಹವ್ಯಾಸದ ಬಗ್ಗೆ ನನ್ನ ಆಕ್ಷೇಪಣೆ ಏನೂ ಇಲ್ಲ. ಆಕ್ಷೇಪಣೆ ಇರುವುದು ದೋಣಿಯ ಮಣೆಯ ಕೆಳಗೆ ತುರುಕಿಟ್ಟ ಆ ಒಂದು ಪ್ಲಾಸ್ಟಿಕ್ ಕ್ಯಾನಿನ ಬಗ್ಗೆ.

ಬೀಜ, ಗೊಬ್ಬರ, ನೀರಾವರಿಗಳ ವಿಷಯ ಬರೆಯಬೇಕಾದ ಬೇಸಾಯ ಶಾಸ್ತ್ರದವನಿಗೆ ದೋಣಿಯ ಪೆಟ್ರೋಲಿನ ಉಸಾಬರಿ ಏಕೆ ಎಂದು ತಾವು ಕೇಳಬಹುದು. ಉತ್ತರ ಸರಳವಾಗಿದೆ. ಬೆಳಿಗ್ಗೆ ಕಳೆ ಕೊಚ್ಚುವ ಯಂತ್ರಕ್ಕೆ, ಮಧ್ಯಾಹ್ನ ಬೋರ್ಡೋ ದ್ರಾವಣದ ಪವರ್ ಸ್ಪ್ರೇಯರಿಗೆ, ಸಂಜೆ ದೋಣಿಗೆ ಇಂಧನ ಹೊಯ್ಯುವ ಕ್ಯಾನು ಒಂದೇ. ಕೊಟ್ಟಿಗೆಯ ಮೂಲೆಯಲ್ಲಿ ಅದು ಕುಳಿತಿರುವ ರೀತಿಯೂ ಒಂದೇ. ನೆಲದ ಮೇಲೆ ಮಾಡಿದ ಅಜಾಗ್ರತೆಗೆ ಓಡಿ ತಪ್ಪಿಸಿಕೊಳ್ಳಲು ಜಾಗವಾದರೂ ಇರುತ್ತದೆ. ಹದಿನೈದು ಅಡಿಯ ದೋಣಿಯಲ್ಲಿ ಆ ಜಾಗವೂ ಇಲ್ಲ.

ನನ್ನ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುತ್ತೇನೆ. ದೋಣಿಯಲ್ಲಿ ಹೆಚ್ಚಿನ ಇಂಧನ ಬೇಕೇ ಬೇಕು. ಆದರೆ ಅದು ಲೆಕ್ಕ ಹಾಕಿ ಒಯ್ದ ಇಂಧನವಾಗಿರಬೇಕು, ಮತ್ತು ನೀರಿನ ಮೇಲೆ ಒಂದು ಪಾತ್ರೆಯಿಂದ ಇನ್ನೊಂದು ಪಾತ್ರೆಗೆ ಸುರಿಯುವ ಪ್ರಸಂಗವೇ ಬರಕೂಡದು. ಈ ಎರಡು ಮಾತುಗಳನ್ನು ಪಾಲಿಸುವುದಾದರೆ ಹೆಚ್ಚಿನ ಇಂಧನ ಆಸರೆಯಾಗುವುದು. ಪಾಲಿಸದಿದ್ದಲ್ಲಿ, ಯಾವ ಆಪತ್ತಿಗೆಂದು ಅದನ್ನು ಒಯ್ದೆವೋ ಅದಕ್ಕಿಂತ ದೊಡ್ಡ ಆಪತ್ತನ್ನು ಜೊತೆಯಲ್ಲಿ ಕೂರಿಸಿಕೊಂಡು ಹೋದಂತಾಗುವುದು.

ಹೆಚ್ಚಿನ ಇಂಧನ ಏಕೆ ಬೇಕು?

ದಾರಿಯಲ್ಲಿ ಮೋಟಾರ್ ಸೈಕಲಿನ ಪೆಟ್ರೋಲ್ ಮುಗಿದರೆ ತಳ್ಳಿಕೊಂಡು ಹೋಗಬಹುದು. ಅಳಿವೆಯಲ್ಲಿ ಎಂಜಿನ್ ನಿಂತರೆ ಹಾಗಾಗದು. ನಮ್ಮ ಕರಾವಳಿಯಲ್ಲಿ ಸುಮಾರು ಆರು ಗಂಟೆಗೊಮ್ಮೆ ಉಬ್ಬರ ಇಳಿತಗಳು ಬದಲಾಗುತ್ತವೆ. ಇಳಿತದ ವೇಳೆ ಹೊಳೆಯ ನೀರು, ಹಿನ್ನೀರಿನ ಗದ್ದೆಗಳ ನೀರು ಎಲ್ಲವೂ ಒಂದೇ ಕಿರುಬಾಯಿಯ ಮೂಲಕ ಕಡಲಿಗೆ ನುಗ್ಗುತ್ತದೆ. ಆ ಸೆಳೆತದಲ್ಲಿ ಎಂಜಿನ್ ಸ್ತಬ್ಧವಾದ ದೋಣಿ ನೇರ ಹೊರಕ್ಕೆ ಸಾಗುತ್ತದೆ. ಅಳಿವೆಯ ಬಾಯಲ್ಲಿ ಮರಳಿನ ದಿಬ್ಬಗಳಿರುವಲ್ಲಿ, ಹೊರಹೋಗುವ ಸೆಳೆತಕ್ಕೆ ಕಡಲ ಕಡೆಯಿಂದ ಬರುವ ಗಾಳಿ ಎದುರಾದಾಗ, ಅಲೆಗಳು ಕಡಿದಾಗಿ ಎದ್ದು ಮುರಿಯುತ್ತವೆ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಬಲಗೊಳ್ಳುವುದು ತಮಗೆ ತಿಳಿದೇ ಇದೆ. ಬೆಳಿಗ್ಗೆ ಹೋಗುವಾಗ ಒಂದು ಗಂಟೆ ಹಿಡಿದ ದಾರಿ, ಎದುರು ಸೆಳೆತದಲ್ಲಿ ಮರಳುವಾಗ ಒಂದೂವರೆ ಗಂಟೆ ಹಿಡಿಯಬಹುದು. ಹೆಚ್ಚಿನ ಇಂಧನ ಇರಬೇಕಾದುದು ಈ ಅರ್ಧ ಗಂಟೆಗಾಗಿಯೇ ಹೊರತು ಇನ್ನಷ್ಟು ದೂರ ಹೋಗುವುದಕ್ಕಾಗಿ ಅಲ್ಲ.

ಎಷ್ಟು ಬೇಕು?

ಮಣ್ಣು ಪರೀಕ್ಷೆ ಮಾಡಿಸದೆ ಯೂರಿಯಾ ಎರಚಬೇಡಿ ಎಂದು ನಾವು ಹೇಳುತ್ತಲೇ ಬಂದಿದ್ದೇವೆ. ಇಂಧನಕ್ಕೂ ಅದೇ ಮಾತು ಅನ್ವಯಿಸುತ್ತದೆ. ತಮ್ಮ ಎಂಜಿನ್ ಗಂಟೆಗೆ ಎಷ್ಟು ಕುಡಿಯುತ್ತದೆ ಎಂಬುದನ್ನು ಮೊದಲು ಅಳೆಯಿರಿ. ಟ್ಯಾಂಕಿನಲ್ಲಿ ಒಂದು ಗುರುತಿನವರೆಗೆ ಪೆಟ್ರೋಲ್ ತುಂಬಿಸಿ, ಎಂದಿನಷ್ಟು ಜನ ಮತ್ತು ಸಾಮಾನಿನೊಂದಿಗೆ ಒಂದು ಗಂಟೆ ಓಡಿಸಿ, ದಡಕ್ಕೆ ಬಂದು ಮತ್ತೆ ಅದೇ ಗುರುತಿಗೆ ಬರುವಷ್ಟು ಅಳೆದು ಹೊಯ್ಯಿರಿ. ಹೊಯ್ದ ಪ್ರಮಾಣವೇ ತಮ್ಮ ಗಂಟೆಯ ಖರ್ಚು. 10 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ ಪೂರ್ಣ ವೇಗದಲ್ಲಿ ಗಂಟೆಗೆ ಸುಮಾರು 4 ಲೀಟರ್ ತೆಗೆದುಕೊಳ್ಳುತ್ತದೆ ಎಂಬುದು ಸ್ಥೂಲವಾದ ಅಂದಾಜು. ಹಳೆಯ ಎರಡು ಸ್ಟ್ರೋಕಿನ ಎಂಜಿನ್‌ಗಳು ಇನ್ನೂ ಹೆಚ್ಚು ಕುಡಿಯುತ್ತವೆ. ವೇಗವನ್ನು ತಗ್ಗಿಸಿದರೆ ಖರ್ಚು ಬಹಳಷ್ಟು ಇಳಿಯುತ್ತದೆ.

ಅಳತೆ ಗೊತ್ತಾದ ಮೇಲೆ ಮೂರು ಪಾಲಿನ ಲೆಕ್ಕ ಹಾಕಬೇಕು. ಒಂದು ಪಾಲು ಹೋಗುವುದಕ್ಕೆ, ಒಂದು ಪಾಲು ಬರುವುದಕ್ಕೆ, ಒಂದು ಪಾಲು ಮುಟ್ಟದೆ ಇಡುವುದಕ್ಕೆ. ಸಣ್ಣ ಎಂಜಿನ್‌ಗಳ ಜೊತೆ ಸಾಮಾನ್ಯವಾಗಿ ಸಿಗುವ 12 ಲೀಟರಿನ ಟ್ಯಾಂಕನ್ನೇ ತೆಗೆದುಕೊಳ್ಳಿ. ಗಂಟೆಗೆ 4 ಲೀಟರ್ ಖರ್ಚಾಗುವಲ್ಲಿ ಒಂದು ಗಂಟೆಯ ದೂರ ಹೋಗಿ ಬರಲು ಇದೊಂದೇ ಸಾಕು. ಬೇರೆ ಕ್ಯಾನಿನ ಅಗತ್ಯವೇ ಇಲ್ಲ. ಒಂದೂವರೆ ಗಂಟೆಯ ದೂರವಾದರೆ ಹೋಗಲು 6, ಬರಲು 6, ಕಾಯ್ದಿಡಲು 6, ಒಟ್ಟು 18 ಲೀಟರ್ ಬೇಕು. ಆಗ ಹೆಚ್ಚಾಗಿ ಒಯ್ಯಬೇಕಾದುದು 6 ಲೀಟರ್ ಮಾತ್ರ. ಈ ಲೆಕ್ಕ ಹಾಕದವರು "ಇರಲಿ ಧೈರ್ಯಕ್ಕೆ" ಎಂದು 20 ಲೀಟರಿನ ಎರಡು ಕ್ಯಾನುಗಳನ್ನು ಏರಿಸುತ್ತಾರೆ. 40 ಲೀಟರ್ ಪೆಟ್ರೋಲಿನ ತೂಕ ಸುಮಾರು 30 ಕಿಲೋ. ಕ್ಯಾನುಗಳ ತೂಕ ಬೇರೆ. ಅರ್ಧ ಆಳಿನ ಭಾರ ಹೊತ್ತು, ಆ ಭಾರವನ್ನು ಎಳೆಯಲು ಇನ್ನಷ್ಟು ಇಂಧನ ಸುಟ್ಟು, ಅಷ್ಟು ಬೆಂಕಿಯ ವಸ್ತುವನ್ನು ಮಗ್ಗುಲಲ್ಲಿಟ್ಟುಕೊಂಡು ಹೋಗುವುದಕ್ಕೆ ಧೈರ್ಯವೆನ್ನಲಾಗದು. ಅತಿಯಾದರೆ ಅಮೃತವೂ ವಿಷ.

ಇನ್ನೊಂದು ಮಾತು. ಎಂಜಿನ್ ನಿಲ್ಲುವುದು ಇಂಧನ ಮುಗಿದಾಗ ಮಾತ್ರವಲ್ಲ. ಸ್ಪಾರ್ಕ್ ಪ್ಲಗ್ಗು ಕೆಟ್ಟಾಗಲೂ, ಬಲೆಯ ದಾರ ಪಂಕಕ್ಕೆ ಸುತ್ತಿಕೊಂಡಾಗಲೂ ನಿಲ್ಲುತ್ತದೆ. ಆಗ ಎಷ್ಟು ಕ್ಯಾನು ಇದ್ದರೂ ಪ್ರಯೋಜನವಿಲ್ಲ. ಒಂದು ಜೊತೆ ಹುಟ್ಟು, ಸಾಕಷ್ಟು ಹಗ್ಗವಿರುವ ಒಂದು ಲಂಗರು, ನೀರು ತಾಗದಂತೆ ಕಟ್ಟಿದ ಮೊಬೈಲ್ ಫೋನು, ಪ್ರತಿಯೊಬ್ಬನ ಮೈಮೇಲೆ ಜೀವರಕ್ಷಕ ಜಾಕೆಟ್ಟು, ಇವೇ ಎಲ್ಲಕ್ಕಿಂತ ಅಗ್ಗದ ಮತ್ತು ಎಂದೂ ಉರಿಯದ "ಹೆಚ್ಚಿನ ಇಂಧನ". ಲಂಗರು ಕೆಳಗಿಳಿದರೆ ದೋಣಿ ಇದ್ದಲ್ಲೇ ನಿಲ್ಲುವುದು. ಸಹಾಯ ಬರುವವರೆಗೆ ಕಾಯಬಹುದು.

ಪೆಟ್ರೋಲಿನ ಸ್ವಭಾವ

ಉರಿಯುವುದು ಪೆಟ್ರೋಲ್ ಅಲ್ಲ, ಅದರ ಆವಿ. ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲೂ ಪೆಟ್ರೋಲಿನಿಂದ ಬೆಂಕಿ ಹಿಡಿಯುವಷ್ಟು ಆವಿ ಏಳುತ್ತದೆಂದರೆ, ನಮ್ಮ ಏಪ್ರಿಲ್ ತಿಂಗಳ ಬಿಸಿಲಲ್ಲಿ ಅದರ ಸ್ಥಿತಿ ಹೇಗಿರಬೇಡ! ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಆದುದರಿಂದ ಅದು ಹೊಗೆಯಂತೆ ಮೇಲೇರಿ ಹೋಗುವುದಿಲ್ಲ. ನೀರಿನಂತೆ ತಗ್ಗಿಗೆ ಹರಿದು ನಿಲ್ಲುತ್ತದೆ. ದೋಣಿಯೆಂದರೆ ಸುತ್ತ ಗೋಡೆಯಿರುವ ಒಂದು ಬಾನಿ. ಅದರ ತಳ ಇಂಥ ಆವಿ ನಿಲ್ಲುವುದಕ್ಕೆ ಹೇಳಿ ಮಾಡಿಸಿದ ಜಾಗ.

ಒಂದು ಸಣ್ಣ ಲೆಕ್ಕ ನೋಡಿ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಆವಿಯಾದರೆ ಸುಮಾರು 200 ಲೀಟರ್ ಆವಿಯಾಗುತ್ತದೆ. ಗಾಳಿಯಲ್ಲಿ ಶೇಕಡಾ 1.4ರಷ್ಟು ಆವಿ ಬೆರೆತರೆ ಸಾಕು, ಕಿಡಿ ತಾಗಿದಾಗ ಅದು ಹೊತ್ತಿಕೊಳ್ಳುವುದು. ಹಾಗಿದ್ದಲ್ಲಿ ಕೈತಪ್ಪಿ ಚೆಲ್ಲಿದ 100 ಮಿಲಿಲೀಟರ್, ಅಂದರೆ ಅರ್ಧ ಲೋಟ ಪೆಟ್ರೋಲ್, ಸುಮಾರು 1,400 ಲೀಟರ್ ಗಾಳಿಯನ್ನು ಬೆಂಕಿಗೆ ಸಿದ್ಧವಾಗಿಸಬಲ್ಲುದು. 15 ಅಡಿ ಉದ್ದ, 4 ಅಡಿ ಅಗಲ, ಒಂದಡಿ ಆಳದ ದೋಣಿಯ ಒಡಲಿನ ಅಳತೆ ಸುಮಾರು 1,700 ಲೀಟರ್. ಅರ್ಧ ಲೋಟ ಚೆಲ್ಲಿದರೆ ಏನಾಯಿತು ಎನ್ನುವವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಬೀಡಿಯೇ ಬೇಕಿಲ್ಲ, ಬ್ಯಾಟರಿಯ ಸಡಿಲ ತಂತಿಯ ಕಿಡಿ ಸಾಕು, ಕಾಯ್ದ ಎಂಜಿನ್ನಿನ ಕೆಟ್ಟ ವಯರು ಸಾಕು.

ಇದೇ ಕಾರಣದಿಂದ, ತುಂಬಿದ ಕ್ಯಾನಿಗಿಂತ ಖಾಲಿಯಾದ ಕ್ಯಾನು ಹೆಚ್ಚು ಅಪಾಯಕಾರಿ. ಅದರೊಳಗೆ ಉಳಿದಿರುವುದು ಆವಿ ಮತ್ತು ಗಾಳಿ. ಖಾಲಿ ಎಂದು ಮುಚ್ಚಳ ತೆಗೆದು ಮೂಲೆಗೆ ಎಸೆಯಕೂಡದು. ಅದಕ್ಕೆ ಬೆಸುಗೆ ಹಾಕಿಸಲಂತೂ ಹೋಗಲೇಕೂಡದು.

ಡೀಸೆಲ್ ಮತ್ತು ಸೀಮೆಎಣ್ಣೆ ಇಷ್ಟು ಚುರುಕಲ್ಲ ಎಂಬುದು ನಿಜ. ಸಾಮಾನ್ಯ ಉಷ್ಣತೆಯಲ್ಲಿ ಅವುಗಳಿಂದ ಏಳುವ ಆವಿ ಕಡಿಮೆ. ಆದರೆ ಬಿಸಿಲಿಗಿಟ್ಟ ಡಬ್ಬದ ಉಷ್ಣತೆ 40 ಡಿಗ್ರಿ ದಾಟುವುದು ನಮ್ಮಲ್ಲಿ ದೊಡ್ಡ ಮಾತಲ್ಲ. ಆಗ ಅವೂ ಸಾಧುವಾಗಿ ಉಳಿಯುವುದಿಲ್ಲ. ಬಟ್ಟೆಗೋ ಗೋಣಿಗೋ ಹೀರಿಕೊಂಡ ಸೀಮೆಎಣ್ಣೆ ಬತ್ತಿಯಂತೆಯೇ ಉರಿಯುವುದು.

ಪಾತ್ರೆ ಯಾವುದು?

ಕುಡಿಯುವ ನೀರಿನ ಬಾಟಲಿ, ಅಡುಗೆ ಎಣ್ಣೆಯ ಡಬ್ಬ, ಕೀಟನಾಶಕದ ಖಾಲಿ ಕ್ಯಾನು ಇವು ಮೂರೂ ಇಂಧನದ ಪಾತ್ರೆಗಳಲ್ಲ. ತೆಳು ಪ್ಲಾಸ್ಟಿಕ್ ಬಿಸಿಲಿಗೆ ಉಬ್ಬುತ್ತದೆ, ಉಪ್ಪುಗಾಳಿ ಮತ್ತು ಬಿಸಿಲಿನಿಂದ ಸೆಟೆದು ಸೀಳುತ್ತದೆ, ಮುಚ್ಚಳದ ಬಳಿ ಆವಿ ಬಿಡುತ್ತದೆ. ನೀರಿನ ಬಾಟಲಿಯಲ್ಲಿ ಸೀಮೆಎಣ್ಣೆಯೋ ಪೆಟ್ರೋಲೋ ಇಟ್ಟರೆ, ಬಾಯಾರಿದ ಮಗು ಅದನ್ನು ನೀರೆಂದು ಬಾಯಿಗಿಡುವ ಭಯ ಸದಾ ಇದ್ದೇ ಇದೆ. ಕೀಟನಾಶಕದ ಡಬ್ಬವನ್ನು ಮೂರು ಬಾರಿ ತೊಳೆದು, ತೂತು ಮಾಡಿ ನಿರುಪಯುಕ್ತಗೊಳಿಸಬೇಕೆಂದು ಹೇಳುವುದು ಅದು ಬೇರಾವ ಕೆಲಸಕ್ಕೂ ಮರಳಿ ಬಾರದಿರಲೆಂದೇ. ಪೆಟ್ರೋಲ್ ತಾನೇ, ತಿನ್ನುವ ವಸ್ತುವೇನಲ್ಲವಲ್ಲ ಎಂಬ ವಾದ ಸರಿಯಲ್ಲ. ಇಂದು ಪೆಟ್ರೋಲ್ ತುಂಬಿದ ಡಬ್ಬಕ್ಕೆ ನಾಳೆ ನೀರು ತುಂಬುವ ಕೈ ಬೇರೆಯವರದಾಗಿರಬಹುದು.

ಈ ವಿಷಯದಲ್ಲಿ ಕಾನೂನು ಏನು ಹೇಳುತ್ತದೆಂಬುದನ್ನು ಬಹಳ ಮಂದಿ ಅರಿತಿಲ್ಲ. 1934ರ ಪೆಟ್ರೋಲಿಯಂ ಕಾಯಿದೆಯ 8ನೆಯ ವಿಧಿಯಂತೆ, ಮಾರಾಟಕ್ಕಲ್ಲದ ಪೆಟ್ರೋಲನ್ನು ಲೈಸೆನ್ಸ್ ಇಲ್ಲದೆ 30 ಲೀಟರಿನವರೆಗೆ ಇಟ್ಟುಕೊಳ್ಳಬಹುದು. ಆದರೆ ಅದನ್ನು ಭದ್ರವಾಗಿ ಮುಚ್ಚಿದ ಗಾಜಿನ, ಪಿಂಗಾಣಿಯ ಅಥವಾ ಲೋಹದ ಪಾತ್ರೆಯಲ್ಲಿಡಬೇಕು. ಗಾಜು, ಪಿಂಗಾಣಿಯಾದರೆ ಒಂದು ಲೀಟರಿಗೆ ಮೀರಕೂಡದು. ಲೋಹವಾದರೆ 25 ಲೀಟರಿಗೆ ಮೀರಕೂಡದು. ಅಲುಗಾಡುವ ದೋಣಿಗೂ ಕೊಟ್ಟಿಗೆಗೂ ಗಾಜು ಒಗ್ಗದ ವಸ್ತು. ಆದಕಾರಣ ಪೆಟ್ರೋಲ್ ತರಲು ಮತ್ತು ಇಡಲು ತಿರುಪಿನ ಮುಚ್ಚಳ, ಒಳಗೆ ರಬ್ಬರಿನ ವಾಷರ್ ಇರುವ ಗಟ್ಟಿ ಲೋಹದ ಕ್ಯಾನನ್ನೇ ಕೊಳ್ಳತಕ್ಕದ್ದು. ಕರಾವಳಿಯ ಗಾಳಿಗೆ ಲೋಹ ತುಕ್ಕು ಹಿಡಿಯುವುದು ನಿಜ. ವರ್ಷಕ್ಕೊಮ್ಮೆ ಹೊರಗೆ ಬಣ್ಣ ಬಳಿಯಿರಿ; ಒಳಗೆ ತುಕ್ಕಿನ ಹಕ್ಕಳೆ ಕಂಡ ದಿನ ಅದನ್ನು ತ್ಯಜಿಸಿರಿ. ಆ ಹಕ್ಕಳೆ ಕಾರ್ಬುರೇಟರಿನ ಸಣ್ಣ ರಂಧ್ರದಲ್ಲಿ ಕುಳಿತರೆ ಎಂಜಿನ್ ನಿಲ್ಲುವುದು ನಡುಹೊಳೆಯಲ್ಲಿಯೇ.

ಪಾತ್ರೆಯನ್ನು ಕಂಠಮಟ್ಟ ತುಂಬಿಸಬಾರದು. ಪೆಟ್ರೋಲ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸಾವಿರಕ್ಕೆ ಸುಮಾರು ಒಂದು ಪಾಲು ಹಿಗ್ಗುತ್ತದೆ. ಬೆಳಗಿನ 25 ಡಿಗ್ರಿಯಲ್ಲಿ ತುಂಬಿದ 20 ಲೀಟರ್, ಬಿಸಿಲಲ್ಲಿ 45 ಡಿಗ್ರಿಗೆ ಏರಿದಾಗ ಸುಮಾರು 400 ಮಿಲಿಲೀಟರ್ ಹೆಚ್ಚು ಜಾಗ ಕೇಳುತ್ತದೆ. ಇಪ್ಪತ್ತರಲ್ಲಿ ಒಂದು ಪಾಲಾದರೂ ಖಾಲಿ ಬಿಡುವುದು ವಿಹಿತ.

ಬಂಕಿನಲ್ಲಿ ಕ್ಯಾನನ್ನು ಜೀಪಿನ ಒಳಗೋ ಸ್ಕೂಟರಿನ ಮೇಲೋ ಇಟ್ಟುಕೊಂಡು ತುಂಬಿಸಬೇಡಿ. ನೆಲದ ಮೇಲಿಟ್ಟು, ಕೊಳವೆಯ ಮೂತಿ ಕ್ಯಾನಿನ ಬಾಯಿಗೆ ತಾಗಿರುವಂತೆ ನಿಧಾನವಾಗಿ ತುಂಬಿಸಿರಿ. ಹರಿಯುವ ಪೆಟ್ರೋಲಿನಿಂದ ಸ್ಥಾಯಿ ವಿದ್ಯುತ್ತು ಹುಟ್ಟುತ್ತದೆ. ಅದು ನೆಲಕ್ಕೆ ಇಳಿಯಲು ದಾರಿ ಬೇಕು.

ಸುರಿಯುವ ಕ್ಯಾನು ಬೇಡ, ಬದಲಿಸುವ ಟ್ಯಾಂಕು ಇರಲಿ

ಈಗ ಮುಖ್ಯವಾದ ಮಾತಿಗೆ ಬರೋಣ. ದೋಣಿ ತೂಗಾಡುತ್ತಿರುವಾಗ, ಕಾಯ್ದ ಎಂಜಿನ್ನಿನ ಪಕ್ಕದಲ್ಲಿ ನಿಂತು, 15 ಕಿಲೋ ಭಾರದ ಕ್ಯಾನನ್ನು ಎತ್ತಿ ಸಣ್ಣ ಬಾಯಿಗೆ ಸುರಿಯುವುದು ಎಷ್ಟೇ ಕೈನಿಪುಣನಿಂದಲೂ ಚೆಲ್ಲದೆ ಆಗದ ಕೆಲಸ. ಎಷ್ಟು ಚೆಲ್ಲಿದರೆ ಸಾಕೆಂಬುದನ್ನು ಮೇಲೆ ನೋಡಿದ್ದೇವೆ. ಬಾಯಿಯಿಂದ ಹೀರಿ ಕೊಳವೆಗೆ ಎಳೆಯುವ ಪದ್ಧತಿ ಇನ್ನೂ ಕೆಟ್ಟದು. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೂ ಪ್ರಾಣಕ್ಕೆ ಸಂಚಕಾರ.

ಇದಕ್ಕೆ ಪರಿಹಾರ ಕಷ್ಟವೇನಲ್ಲ. ಟ್ಯಾಂಕು ಪ್ರತ್ಯೇಕವಾಗಿದ್ದು ಕೊಳವೆಯ ಮೂಲಕ ಎಂಜಿನ್ನಿಗೆ ಜೋಡಿಸುವ ಬಗೆಯ ಔಟ್‌ಬೋರ್ಡ್‌ಗಳಿಗೆ, ಅದೇ ತಯಾರಕರ ಇನ್ನೊಂದು ಟ್ಯಾಂಕನ್ನು ಅದೇ ಅಳತೆಯ ಜೋಡಣೆಯೊಂದಿಗೆ ಕೊಳ್ಳಿರಿ. ದಡದಲ್ಲಿಯೇ ಲೋಹದ ಕ್ಯಾನಿನಿಂದ ಎರಡಕ್ಕೂ ಲೆಕ್ಕದಂತೆ ತುಂಬಿಸಿ, ಕ್ಯಾನನ್ನು ಮನೆಯಲ್ಲೇ ಬಿಟ್ಟು ಹೊರಡಿ. ಮೊದಲನೆಯದು ಮುಗಿದಾಗ ಎಂಜಿನ್ ನಿಲ್ಲಿಸಿ, ಕೊಳವೆಯ ಕೊಂಡಿ ತೆಗೆದು ಎರಡನೆಯದಕ್ಕೆ ಸಿಕ್ಕಿಸಿ, ರಬ್ಬರ್ ಗುಂಡನ್ನು ನಾಲ್ಕು ಬಾರಿ ಅದುಮಿದರೆ ಆಯಿತು. ಮುಚ್ಚಳ ತೆಗೆಯುವುದಿಲ್ಲ, ಸುರಿಯುವುದಿಲ್ಲ, ಚೆಲ್ಲುವುದಿಲ್ಲ.

ಟ್ಯಾಂಕು ಎಂಜಿನ್ನಿನ ತಲೆಯಲ್ಲೇ ಕೂಡಿಕೊಂಡಿರುವ ಅತಿ ಸಣ್ಣ ಎಂಜಿನ್‌ಗಳಲ್ಲಿ ಸುರಿಯದೆ ವಿಧಿಯಿಲ್ಲ. ಅಂಥವರು ದಂಡೆಗೋ ಕುದ್ರುವಿಗೋ ದೋಣಿ ತಾಗಿಸಿ, ಎಂಜಿನ್ ಆರಿಸಿ, ಹತ್ತು ಹದಿನೈದು ನಿಮಿಷ ತಣಿಯಲು ಬಿಟ್ಟು, ಉಳಿದವರನ್ನು ಇಳಿಸಿ, ಆಲಿಕೆಯ ಮೂಲಕ ಸಣ್ಣ ಪಾತ್ರೆಯಿಂದ ಹೊಯ್ಯಬೇಕು. ಚೆಲ್ಲಿದ್ದನ್ನು ಒರೆಸಿ, ಆ ಬಟ್ಟೆಯನ್ನು ದೋಣಿಯಿಂದ ಹೊರಗಿಟ್ಟು, ವಾಸನೆ ಪೂರ್ತಿ ಹೋದ ಮೇಲೆಯೇ ಎಂಜಿನ್ನಿನ ಹಗ್ಗ ಎಳೆಯಬೇಕು. ಇಂಥ ಎಂಜಿನ್ ಇರುವವರು ದಂಡೆ ಸಿಗದ ದೂರಕ್ಕೆ ಹೋಗದಿರುವುದೇ ಲೇಸು.

ದೋಣಿಯಲ್ಲಿ ಟ್ಯಾಂಕಿಡುವ ಕ್ರಮ ಹೀಗಿರಲಿ:

1. ಗಾಳಿಯಾಡುವ ತೆರೆದ ಜಾಗದಲ್ಲಿಡಿ. ಮುಚ್ಚಿದ ಪೆಟ್ಟಿಗೆಯೊಳಗೆ, ಮಣೆಯ ಕೆಳಗಿನ ಗೂಡಿನಲ್ಲಿ ಇಡಕೂಡದು.

2. ಬ್ಯಾಟರಿಯಿಂದ ಸಾಧ್ಯವಾದಷ್ಟು ದೂರವಿರಲಿ. ಬೀಡಿ ಸಿಗರೇಟು ಮನೆಯಲ್ಲೇ ಉಳಿಯಲಿ.

3. ದೋಣಿಯ ತಳದಲ್ಲಿ, ನಡುಭಾಗಕ್ಕೆ ಹತ್ತಿರವಾಗಿ, ಉರುಳದಂತೆ ಹಗ್ಗದಿಂದ ಎರಡು ಕಡೆ ಬಿಗಿಯಿರಿ. ಭಾರ ಒಂದೇ ಮಗ್ಗುಲಿಗೆ ಬೀಳದಿರಲಿ.

4. ಒದ್ದೆ ಗೋಣಿಯನ್ನು ಮೇಲೆ ಹೊದಿಸಿ ಬಿಸಿಲಿನಿಂದ ಕಾಪಾಡಿರಿ. ಗೋಣಿ ಒಣಗಿದಾಗ ಹೊಳೆಯ ನೀರನ್ನೇ ಚಿಮುಕಿಸಿರಿ.

5. ಬಳಕೆಯಲ್ಲಿಲ್ಲದ ಟ್ಯಾಂಕಿನ ಮುಚ್ಚಳದ ಗಾಳಿತಿರುಪು ಮುಚ್ಚಿರಲಿ. ಎಂಜಿನ್ನಿಗೆ ಜೋಡಿಸಿದಾಗ ಮಾತ್ರ ಅದನ್ನು ತೆರೆಯಿರಿ. ತೆರೆಯಲು ಮರೆತರೆ ಸ್ವಲ್ಪ ಹೊತ್ತಿಗೆ ಎಂಜಿನ್ ನಿಲ್ಲುವುದು.

6. ಕೆಲಸ ಮುಗಿದ ಮೇಲೆ ಕೊಳವೆಯನ್ನು ಬಿಡಿಸಿಡಿ. ಬಿಸಿಲಿಗೆ ಉಬ್ಬಿದ ಟ್ಯಾಂಕು ಕೊಳವೆಯ ಮೂಲಕ ಪೆಟ್ರೋಲನ್ನು ಎಂಜಿನ್ನಿಗೆ ತಳ್ಳಿ ಸೋರಿಸಬಲ್ಲುದು.

ಇಂದಿನ ಪೆಟ್ರೋಲ್

ನಮ್ಮ ಕಬ್ಬು ಮತ್ತು ಮೆಕ್ಕೆಜೋಳದ ಬೆಳೆಗಾರರಿಗೆ ಸಂಬಂಧಿಸಿದ ಒಂದು ಸಂಗತಿ ಇಲ್ಲಿದೆ. 2025ರ ವೇಳೆಗೆ ದೇಶದ ಬಂಕುಗಳ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆಸುವ ಹಂತಕ್ಕೆ ಬಂದಾಗಿದೆ. ಬೆಳೆಗೆ ಮಾರುಕಟ್ಟೆ ಸಿಕ್ಕಿತೆಂಬುದು ಒಳ್ಳೆಯದೇ. ಆದರೆ ಎಥನಾಲಿಗೆ ನೀರನ್ನು ಹೀರಿಕೊಳ್ಳುವ ಗುಣವಿದೆ. ಕರಾವಳಿಯ ತೇವದ ಗಾಳಿಯಲ್ಲಿ ಅರೆತುಂಬಿದ ಟ್ಯಾಂಕನ್ನು ತಿಂಗಳುಗಟ್ಟಲೆ ಇಟ್ಟರೆ, ಅಥವಾ ಮಳೆನೀರು ಒಳಗೆ ಸೇರಿದರೆ, ಎಥನಾಲ್ ನೀರಿನೊಂದಿಗೆ ಕೂಡಿ ತಳಕ್ಕಿಳಿದು ಬೇರೆ ಪದರವಾಗುವುದು. ಎಂಜಿನ್ನಿನ ಕೊಳವೆ ಎಳೆಯುವುದು ಆ ತಳದ ಪದರವನ್ನೇ. ಕಾಯ್ದಿಟ್ಟ ಮೂರನೆಯ ಪಾಲು ಹೀಗೆ ಕೆಟ್ಟಿದ್ದರೆ, ಬೇಕಾದ ಹೊತ್ತಿಗೆ ಅದು ಕೈಕೊಡುವುದು.

ಆದುದರಿಂದ ಹೆಚ್ಚಿನ ಇಂಧನವನ್ನು ದೇವರ ಮೂಲೆಯ ನಾಣ್ಯದಂತೆ ವರ್ಷಗಟ್ಟಲೆ ಇಡಬೇಡಿ. ಪ್ರತಿ ಸಲ ಹೊಸದನ್ನು ತುಂಬಿಸಿ, ಮರಳಿ ಬಂದ ಮೇಲೆ ಉಳಿದುದನ್ನು ಬೈಕಿಗೋ ಪಂಪಿಗೋ ಉಪಯೋಗಿಸಿ ಮುಗಿಸಿರಿ. ಮಳೆಗಾಲಕ್ಕೆ ದೋಣಿ ಕವುಚಿ ಹಾಕುವ ಮೊದಲು ಟ್ಯಾಂಕು ಖಾಲಿ ಮಾಡಿ, ಒಣಗಿಸಿ ಇಡಿ. ಎಥನಾಲ್ ಹಳೆಯ ರಬ್ಬರನ್ನು ಮೆತ್ತಗಾಗಿಸುವುದುಂಟು. ಕೊಳವೆ ಉಬ್ಬಿದ್ದರೆ, ಬೆರಳಿಗೆ ಅಂಟಿದರೆ ಕೂಡಲೇ ಬದಲಾಯಿಸಿರಿ. ಎಥನಾಲಿನಲ್ಲಿ ಪೆಟ್ರೋಲಿಗಿಂತ ಶಕ್ತಿ ಕಡಿಮೆ. ಹಾಗಾಗಿ ಮೂರು ನಾಲ್ಕು ವರ್ಷದ ಹಿಂದೆ ಅಳೆದ ಗಂಟೆಯ ಖರ್ಚನ್ನು ನಂಬದೆ ಮತ್ತೊಮ್ಮೆ ಅಳೆಯುವುದು ಅವಶ್ಯ.

ಕೊಟ್ಟಿಗೆಯಲ್ಲಿ ಎರಡು ಬಗೆಯ ಪೆಟ್ರೋಲ್ ಇರುವುದುಂಟು. ಎರಡು ಸ್ಟ್ರೋಕಿನ ಕಳೆ ಯಂತ್ರಕ್ಕೆ ಆಯಿಲ್ ಬೆರೆಸಿದ್ದು, ನಾಲ್ಕು ಸ್ಟ್ರೋಕಿನ ದೋಣಿ ಎಂಜಿನ್ನಿಗೆ ಶುದ್ಧವಾದದ್ದು. ಒಂದು 50ರ ಪ್ರಮಾಣವೆಂದರೆ ಲೀಟರಿಗೆ 20 ಮಿಲಿಲೀಟರ್ ಆಯಿಲ್. ಆಯಿಲಿಲ್ಲದ ಪೆಟ್ರೋಲ್ ಎರಡು ಸ್ಟ್ರೋಕಿನ ಎಂಜಿನ್ನಿಗೆ ಹೋದರೆ ಪಿಸ್ಟನ್ ಕಚ್ಚಿ ನಿಲ್ಲುವುದು. ಎರಡು ಕ್ಯಾನುಗಳಿಗೆ ಎರಡು ಬಣ್ಣ ಬಳಿದು, ತುಂಬಿಸಿದ ದಿನಾಂಕವನ್ನು ಸೀಮೆಸುಣ್ಣದಿಂದ ಬರೆಯುವ ಅಭ್ಯಾಸ ಇಟ್ಟುಕೊಂಡರೆ ಈ ಗೊಂದಲವಿಲ್ಲ.

ಆಕ್ಷೇಪಣೆಗಳಿಗೆ ಉತ್ತರ

"ಇಷ್ಟು ವರ್ಷ ಹೀಗೇ ಒಯ್ದಿದ್ದೇವೆ, ಏನೂ ಆಗಿಲ್ಲ" ಎನ್ನುವವರಿದ್ದಾರೆ. ಬೀಜೋಪಚಾರ ಮಾಡದೆಯೂ ಬೆಂಕಿರೋಗ ಬಾರದ ವರ್ಷಗಳು ಇರುತ್ತವೆ. ಬಂದ ವರ್ಷ ಭತ್ತದ ಒಂದು ಬೆಳೆ ಹೋಗುತ್ತದೆ. ಮುಂದಿನ ವರ್ಷ ಮತ್ತೆ ಬಿತ್ತಬಹುದು. ದೋಣಿಯಲ್ಲಿ ಹೋಗುವುದು ಬೆಳೆಯಲ್ಲ.

"ಕಸುಬಿನ ಮೀನುಗಾರರು ನಾಡದೋಣಿಗಳಲ್ಲಿ ಕ್ಯಾನುಗಟ್ಟಲೆ ಒಯ್ಯುವುದಿಲ್ಲವೇ?" ಎಂಬುದು ಇನ್ನೊಂದು ಪ್ರಶ್ನೆ. ಅವರ ದೋಣಿ ದೊಡ್ಡದು, ಕೈಗಳು ಹೆಚ್ಚು, ಅವರ ಎಂಜಿನ್‌ಗಳು ಬಹುಕಾಲ ಸೀಮೆಎಣ್ಣೆಯಲ್ಲಿ ಓಡಿದಂಥವು. ದಿನನಿತ್ಯದ ಅನುಭವ ಅವರಿಗಿದೆ. ತಿಂಗಳಿಗೊಮ್ಮೆ ಗಾಳ ಹಾಕಲು ಹೋಗುವ ನಾವು ಅವರಿಂದ ಗಾಳಿ, ಸೆಳೆತಗಳನ್ನು ಓದುವ ವಿದ್ಯೆ ಕಲಿಯಬೇಕೇ ಹೊರತು ಕ್ಯಾನು ತುಂಬುವುದನ್ನಲ್ಲ. ಕಸುಬಿಗಾಗಿ ಹೋಗುವವನಿಗೆ ಅಪಾಯ ಅನಿವಾರ್ಯವಾಗಿ ಬರಬಹುದು. ಸಂತೋಷಕ್ಕೆ ಹೋಗುವವನು ಅದನ್ನು ಮೇಲೆ ಎಳೆದುಕೊಳ್ಳಬೇಕಾದ ಕಾರಣವೇನು?

"ಇನ್ನೊಂದು ಟ್ಯಾಂಕು ದುಬಾರಿ" ಎಂಬ ಮಾತಿನಲ್ಲಿ ಸತ್ಯವಿದೆ. ಸಣ್ಣ ಪೇಟೆಗಳಲ್ಲಿ ಅದು ಸುಲಭವಾಗಿ ಸಿಗುವುದೂ ಇಲ್ಲ. ಬಂಕಿನವರು ಪ್ಲಾಸ್ಟಿಕ್ ಬಾಟಲಿಗೆ ಪೆಟ್ರೋಲ್ ಕೊಡುವುದಿಲ್ಲವೆಂದು ರೈತರು ಬೇಸರಿಸುವುದನ್ನು ನಾನು ಬಲ್ಲೆ. ಬಂಕಿನವರು ಮಾಡುವುದು ಸರಿಯಾಗಿಯೇ ಇದೆ. ಆದರೆ ಬೇಡವೆಂದು ಹೇಳಿದ ಮೇಲೆ ಬೇಕಾದುದು ಎಲ್ಲಿ ಸಿಗುತ್ತದೆಂದು ಹೇಳುವವರೂ ಬೇಕಲ್ಲ! ಸ್ಪ್ರೇಯರ್, ಕಳೆ ಯಂತ್ರ, ಟಿಲ್ಲರ್‌ಗಳನ್ನು ಸಹಾಯಧನದಲ್ಲಿ ಕೊಡುವಾಗ ಅದರ ಜೊತೆಗೆ ಒಂದು ಲೋಹದ ಇಂಧನ ಕ್ಯಾನನ್ನೂ ಸೇರಿಸಿ ಕೊಡುವುದು ದೊಡ್ಡ ಹೊರೆಯಾಗಲಾರದು. ಊರಿನ ಕೃಷಿ ಪತ್ತಿನ ಸಹಕಾರ ಸಂಘಗಳು ಗೊಬ್ಬರದ ಚೀಲದ ಪಕ್ಕದಲ್ಲಿ ಇಂಥ ಕ್ಯಾನುಗಳನ್ನು ಇಟ್ಟು ಮಾರಬಹುದು. ಔಟ್‌ಬೋರ್ಡ್ ಮಾರುವವರು ಎರಡನೆಯ ಟ್ಯಾಂಕನ್ನು ಎಂಜಿನ್ನಿನೊಂದಿಗೇ ತೋರಿಸಿ ವಿವರಿಸಬೇಕು. ನಮ್ಮಂಥ ವಿಸ್ತರಣಾ ಕಾರ್ಯಕರ್ತರು ಯಂತ್ರದ ತರಬೇತಿಯಲ್ಲಿ ಒಂದು ಗಂಟೆಯನ್ನು ಇಂಧನದ ನಿರ್ವಹಣೆಗೆ ಮೀಸಲಿಡಬೇಕು. ಯಂತ್ರವನ್ನು ಹಳ್ಳಿಗೆ ಮುಟ್ಟಿಸಿ, ಅದರ ಆಹಾರವನ್ನು ಇಡುವ ಕ್ರಮವನ್ನು ಮುಟ್ಟಿಸದೆ ಹೋದರೆ ಕೆಲಸ ಅರ್ಧವೇ ಆದಂತೆ.

ಬೆಂಕಿ ಹೊತ್ತಿಕೊಂಡರೆ

ಬೆಂಕಿ ಬಿದ್ದಾಗ ಬಾವಿ ತೋಡಿದರೆ ಫಲವಿಲ್ಲ. ಸುತ್ತ ನೀರೇ ಇರುವ ದೋಣಿಯಲ್ಲಂತೂ ಆ ನೀರು ಉಪಯೋಗಕ್ಕೆ ಬಾರದು. ಪೆಟ್ರೋಲ್ ನೀರಿಗಿಂತ ಹಗುರ. ನೀರು ಸುರಿದರೆ ಉರಿಯುವ ಪೆಟ್ರೋಲ್ ಅದರ ಮೇಲೆ ತೇಲಿ ದೋಣಿಯುದ್ದಕ್ಕೂ ಹರಡುವುದು. ಒಂದೆರಡು ಕಿಲೋದ ಒಣಪುಡಿಯ ಅಗ್ನಿಶಾಮಕವನ್ನು ದೋಣಿಯ ಮುಂಭಾಗದಲ್ಲಿ, ಇಂಧನದಿಂದ ದೂರದಲ್ಲಿ, ಕೈಗೆ ಸಿಗುವಂತೆ ಇಡತಕ್ಕದ್ದು. ಎಂಜಿನ್ ನಿಲ್ಲಿಸಿ, ಪುಡಿಯನ್ನು ಜ್ವಾಲೆಯ ಬುಡಕ್ಕೆ ಹಾರಿಸಿರಿ. ತೀರಾ ಸಣ್ಣ ಉರಿಯಾದರೆ ಚೆನ್ನಾಗಿ ನೆನೆದ ದಪ್ಪ ಗೋಣಿಯಿಂದ ಮುಚ್ಚಿ ನಂದಿಸಬಹುದು. ಕೈಮೀರಿತೆಂದು ಕಂಡ ಕ್ಷಣ ದೋಣಿಯ ಆಸೆ ಬಿಟ್ಟು, ಗಾಳಿ ಬೀಸಿ ಬರುವ ಬದಿಯಿಂದ ನೀರಿಗೆ ಇಳಿಯಿರಿ. ತೇಲುವ ಉರಿ ಗಾಳಿಯ ದಿಕ್ಕಿಗೆ ಸಾಗುತ್ತದೆ. ಜಾಕೆಟ್ಟು ಮೈಮೇಲೆ ಇರಬೇಕೆಂದು ಮೊದಲೇ ಹೇಳಿದ್ದು ಇದಕ್ಕಾಗಿಯೂ ಹೌದು. ತುರ್ತು ಸಹಾಯಕ್ಕೆ 112, ಕಡಲಿನಲ್ಲಾದರೆ ಕರಾವಳಿ ರಕ್ಷಣಾ ಪಡೆಯ 1554 ಸಂಖ್ಯೆಗೆ ಕರೆ ಮಾಡಬಹುದು.

ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್, ಶಾಯಿ, ಎಣ್ಣೆ ಹಚ್ಚದೆ, ಇಪ್ಪತ್ತು ನಿಮಿಷ ಶುದ್ಧ ತಣ್ಣೀರು ಹರಿಸಿ ಆಸ್ಪತ್ರೆಗೆ ಒಯ್ಯಿರಿ. ಯಾರಾದರೂ ಪೆಟ್ರೋಲ್ ಅಥವಾ ಸೀಮೆಎಣ್ಣೆ ನುಂಗಿದ್ದರೆ ವಾಂತಿ ಮಾಡಿಸಕೂಡದು. ವಾಂತಿಯಾಗುವಾಗ ಅದು ಶ್ವಾಸಕೋಶಕ್ಕೆ ಇಳಿದರೆ ಹೊಟ್ಟೆಯಲ್ಲಿದ್ದುದಕ್ಕಿಂತ ಹೆಚ್ಚಿನ ಹಾನಿಯಾಗುವುದು. ಕೂಡಲೇ ವೈದ್ಯರ ಬಳಿಗೆ ಸಾಗಿಸಬೇಕು.

ಕೊನೆಯ ಮಾತು

ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ಈ ವಾರದಲ್ಲಿ ಒಂದು ಹೊತ್ತು ಬಿಡುವು ಮಾಡಿಕೊಂಡು ತಮ್ಮ ಕೊಟ್ಟಿಗೆಗೆ ಹೋಗಿ ನೋಡಿರಿ. ಯಾವ ಯಾವ ಡಬ್ಬದಲ್ಲಿ ಏನೇನಿದೆ ಎಂದು ಪರಿಶೀಲಿಸಿರಿ. ನೀರಿನ ಬಾಟಲಿಯಲ್ಲಿರುವುದನ್ನು, ಔಷಧಿಯ ಕ್ಯಾನಿನಲ್ಲಿರುವುದನ್ನು ತೆಗೆದು ಉಪಯೋಗಿಸಿ ಮುಗಿಸಿ, ಆ ಡಬ್ಬಗಳು ಮತ್ತೆ ಕೊಟ್ಟಿಗೆಗೆ ಬಾರದಂತೆ ಮಾಡಿರಿ. ಮುಂದಿನ ಸಲ ಹೊಳೆಗೆ ಇಳಿಯುವ ಮುನ್ನ ಎಂಜಿನ್ನಿನ ಗಂಟೆಯ ಖರ್ಚನ್ನು ಅಳೆದು, ಮೂರು ಪಾಲಿನ ಲೆಕ್ಕವನ್ನು ದೋಣಿಯ ಒಳಬದಿಯಲ್ಲೇ ಬಣ್ಣದಿಂದ ಬರೆದಿಡಿ. ಲೆಕ್ಕದ ಮೊದಲ ಪಾಲು ಮುಗಿದಾಗ ಮೀನು ಕಚ್ಚುತ್ತಿದ್ದರೂ ಸರಿಯೇ, ದೋಣಿಯ ಮೂತಿಯನ್ನು ಮನೆಯ ಕಡೆಗೆ ತಿರುಗಿಸಿರಿ. ಕಾಣೆ ನಾಳೆಯೂ ಅದೇ ಮರಳಿನಲ್ಲಿ ಇರುತ್ತದೆ.